ಅವರೆಕಾಳು ಹಿದುಕಿದ ದಿನದ ನೆಗೆಟಿವ್

ನಾನು ಒಂದು ನೆಗೆಟಿವ್. ಕಣ್ಣು ಮಿಟುಕಿಸುವಷ್ಟರಲ್ಲಿ ಹುಟ್ಟಿದೆ. ಇಷ್ಟು ಸಲೀಸಾದ ಹೆರಿಗೆ ಮೂರು ಲೋಕದಲ್ಲೂ ಆಗಿರಲಿಕ್ಕಿಲ್ಲ.

ಫೋಟೋಗ್ರಾಫರ್ ಇಲಿಯಾಸ್ ಸಾಹಿತಿಗಳ ಮನೆಮನೆಗೆ ಹೋಗಿ, ಅವರು ದಿನವೂ ಹೇಗಿರುತ್ತಾರೋ ಹಾಗೇ ಚಿತ್ರ ತೆಗೆಯುತ್ತಿದ್ದರು. ಹಾಗೇ ಇರಿ ಎಂದರೆ ಸಾಕು, ಎಲ್ಲರೂ ಪುಸ್ತಕ ಹಿಡಿದು ಆಕಾಶ ನೋಡುತ್ತಿದ್ದರಂತೆ. ಮೈಸೂರಿನ ಕಾದಂಬರಿಕಾರ ನಂಜರಾಜಯ್ಯ ಮಾತ್ರ ಹಿತ್ತಿಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ನೆನೆಸಿದ ಅವರೆಕಾಳು ಹಿದುಕುತ್ತಲೇ ಇದ್ದರು. ಕ್ಯಾಮೆರಾದ ಹಿಂದೆ ನಿಂತಿದ್ದ ಅವರ ಹೆಂಡತಿ ಪುಟ್ಟಗೌರಮ್ಮನಿಗೆ ತಡೆಯಲಾಗಲಿಲ್ಲ.

"ಅಯ್ಯೋ, ಅಂಗಿನಾದ್ರೂ ಹಾಕ್ಕೊಳ್ಳೀಂದ್ರೆ! ಆ ಬನೀನಿನ ತೂತಲ್ಲಿ ದಸರಾ ಆನೆ ಅಂಬಾರಿ ಸಮೇತ ತೂರುತ್ತೆ."

ನಂಜರಾಜಯ್ಯ ತಲೆಯೆತ್ತಿ ನಕ್ಕರು. ಆ ನಗುವೇ ನಾನು.

ಪತ್ರಿಕೆಯವರಿಗೆ ಆಮೇಲೆ ತೆಗೆದ, ಶಾಲು ಹೊದ್ದ ಗಂಭೀರ ಚಿತ್ರವೇ ಬೇಕಾಯಿತು. ನಾನು ಡಬ್ಬಿ ಸೇರಿದೆ. ಒಮ್ಮೆಯಾದರೂ ಕಾಗದಕ್ಕೆ ಇಳಿಯಬೇಕು, ಯಾರಾದರೂ ನನ್ನ ಮುಖ ನೋಡಬೇಕು ಎಂದು ಹಂಬಲಿಸುತ್ತಾ ಇಪ್ಪತ್ತೆರಡು ವರ್ಷ ಬಿದ್ದಿದ್ದೆ. ನನಗದು ಇಪ್ಪತ್ತೆರಡು ಯುಗ.

ಒಂದು ಮಧ್ಯಾಹ್ನ ಇಲಿಯಾಸ್ ಡಬ್ಬಿ ತೆರೆದರು. ಎದುರಿಗೆ ಪುಟ್ಟಗೌರಮ್ಮ, ಒಬ್ಬರೇ. ನಂಜರಾಜಯ್ಯ ತೀರಿಕೊಂಡು ಆರು ತಿಂಗಳಾಗಿತ್ತು.

"ಗೋಡೇಲಿರೋ ಶಾಲಿನ ಫೋಟೋ ನೋಡಿದ್ರೆ, ಸಾರಿಗೆ ಉಪ್ಪು ಹಾಕೋದು ಮರ್ತೆ ಅಂತ ದಿನಾ ನನ್ನೇ ಗದರ್ಸೋ ಹಾಗಿದೆ ಕಣಪ್ಪಾ. ಅವತ್ತು ನಕ್ರಲ್ಲ, ಅದನ್ನ ಕೊಡು."

ಮುದುಕರಾಗಿದ್ದ ಇಲಿಯಾಸ್ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದ್ರಲ್ಲಿ ಎಲ್ಲಾ ಉಲ್ಟಾ ಅಮ್ಮಾ. ಬಿಳೀದೆಲ್ಲ ಕಪ್ಪು ಕಾಣುತ್ತೆ."

"ಅಯ್ಯಯ್ಯೋ, ತಲೆಗೂದ್ಲು ಕರ್ರಗಾಗಿದೆ! ನನ್ನ ಬಿಟ್ಟುಹೋಗಿ ವಯಸ್ಸು ಇಳಿಸ್ಕೊಂಡಿದಾರೆ ನೋಡು. ಹಲ್ಲೂ ಕರೀದು. ಎಲೆ ಅಡಿಕೆ ಬಿಡ್ಸೋಕೆ ಒಂದು ಜನ್ಮ ತೇದೆ, ಅಲ್ಲಿ ಹೋಗಿ ಮತ್ತೆ ಶುರು..." ಪುಟ್ಟಗೌರಮ್ಮ ನನ್ನನ್ನು ಇಲಿಯಾಸ್ ಕೈಯಿಂದ ತೆಗೆದುಕೊಂಡರು.

"ಪ್ರಿಂಟ್ ಹಾಕಿಸ್ಕೊಡ್ತೀನಿ. ಬೆಂಗಳೂರಿಗೆ ಕಳಿಸ್ಬೇಕು. ಎಂಟು ದಿನ ಬಿಟ್ಟಿರಿ."

ನನಗೋ ಎದೆಯಲ್ಲಿ ನಗಾರಿ.

"ಈಗ ತಾನೆ ಸಿಕ್ಕಿದಾರೆ, ಮತ್ತೆ ಎಂಟು ದಿನ ಬಿಟ್ಟಿರ್ಲಾ? ಆಗಲ್ಲ ಹೋಗೋ!" ಎಂದವರೇ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟರು.

"ಬರಿಗೈಲಿ ಮುಟ್ಬೇಡೀಮ್ಮಾ, ಗುರುತು ಬೀಳುತ್ತೆ! ಆಮೇಲೆ ಪ್ರಿಂಟ್ ಕೆಡುತ್ತೆ!" ಇಲಿಯಾಸ್ ಬಾಗಿಲವರೆಗೂ ಕೂಗಿಕೊಂಡು ಬಂದರು.

ಯಾರು ಕೇಳಬೇಕು? ಪುಟ್ಟಗೌರಮ್ಮ ದಿನಾ ಬೆಳಿಗ್ಗೆ ನನ್ನನ್ನು ಕಿಟಕಿಗೆ ಹಿಡಿಯುತ್ತಾರೆ, ಏನೋ ಒಂದು ಚುಚ್ಚಿ ಮಾತಾಡುತ್ತಾರೆ, ಹೆಬ್ಬೆರಳಿನಿಂದ ಕೆನ್ನೆ ಸವರುತ್ತಾರೆ. ನನಗೂ ವಯಸ್ಸಾಯಿತು. ನಗುವಿನ ಮೇಲೆಲ್ಲ ಅವರ ಹೆಬ್ಬೆರಳಿನ ಸುಳಿ ಎದ್ದಿದೆ. ಇನ್ನು ನಾನು ಕಾಗದಕ್ಕೆ ಇಳಿಯುವುದು ಕಷ್ಟ. ಇಳಿದರೂ ನಂಜರಾಜಯ್ಯ ಒಬ್ಬರೇ ಇಳಿಯುವುದಿಲ್ಲ.