ಸಾಂ ಜುಜೆಯ ಕೊರಳಿನ ಮೆಣಸು

ಹೊಳನಗದ್ದೆಯ ನಮ್ಮ ಕೇರಿಯ ಕೊನೆಗೆ ಒಂದು ಪುಟ್ಟ ಇಗರ್ಜಿ ಇದೆ. ಅಲ್ಲಿರುವ ಸಂತ ಸಾಂ ಜುಜೆ, ಮರಿಯಮ್ಮನ ಗಂಡ, ಬಡಗಿ. ಮಾರ್ಚ್ ತಿಂಗಳಲ್ಲಿ ಅವನ ಹಬ್ಬ. ಅದೇ ಹೊತ್ತಿಗೆ ಗದ್ದೆಯಲ್ಲಿ ಮೆಣಸು ಕೆಂಪಾಗುತ್ತದೆ. ಮೊದಲ ಕೊಯ್ಲಿನ ಹಣ್ಣುಮೆಣಸನ್ನು ದಾರದಲ್ಲಿ ಪೋಣಿಸಿ ಒಯ್ದರೆ ಪಾದ್ರಿಗಳು ತೀರ್ಥ ಚಿಮುಕಿಸಿ ಮಂತ್ರ ಹೇಳುತ್ತಾರೆ. ಒಂದು ಸರ ಸಂತನ ಕೊರಳಿಗೆ, ಇನ್ನೊಂದು ಬೀಜಕ್ಕೆಂದು ಮನೆಗೆ. ಕೊರಳಿನದನ್ನು ಮುಂದಿನ ಹಬ್ಬದವರೆಗೆ ಯಾರೂ ಮುಟ್ಟುವ ಹಾಗಿಲ್ಲ.

ಮೊದಲೆಲ್ಲ ಹತ್ತು ಹನ್ನೆರಡು ಸರ ಬೀಳುತ್ತಿತ್ತು. ಈಗ ಎಲ್ಲರೂ ಅಂಗಡಿಯ ಪಾಕೀಟಿನ ಬೀಜ ಹಾಕುತ್ತಾರೆ. ಊರಿನ ಗಿಡ್ಡ ಮೆಣಸು ಉಳಿದದ್ದು ಇಜಬೆಲ್ ಬಾಯಿಯ ಗದ್ದೆಯಲ್ಲಿ ಮಾತ್ರ. ಅದು ಅವಳ ಅತ್ತೆಯ ಕಾಲದ ತಳಿ. ಗದ್ದೆ ಅವಳದು, ಕೆಲಸ ನನ್ನದೂ ಅವಳದೂ, ಬೆಳೆ ಅರ್ಧ ಅರ್ಧ. ಮೂವತ್ತು ವರ್ಷ ಹೀಗೇ ನಡೆದಿದೆ.

ಬೀಜದ ಮೆಣಸನ್ನು ಇಡುವುದು ನನ್ನ ಮನೆಯಲ್ಲಿ. ಬಾಯಿಯ ಮನೆಗೆ ಗ್ಯಾಸು ಬಂದು ಬಹಳ ವರ್ಷವಾಯಿತು. ನನ್ನದು ಇನ್ನೂ ಕಟ್ಟಿಗೆ ಒಲೆ. ಅದರ ಮೇಲೆ ಬಟ್ಟೆಯ ಗಂಟು ಕಟ್ಟಿ ತೂಗಿಸಿದರೆ ಹೊಗೆಗೆ ಹುಳ ಹತ್ತುವುದಿಲ್ಲ, ಮಳೆಗಾಲದ ಥಂಡಿಯೂ ತಾಗುವುದಿಲ್ಲ.

ಹೋದ ವರ್ಷ ಅಲ್ಲಿ ಎರಡು ಗಂಟು ಇದ್ದವು. ಒಂದು ಬೀಜದ್ದು; ಉಳಿದ ಗಿಡ್ಡ ಮೆಣಸೆಲ್ಲ ಮಳೆಗೆ ಮೊದಲೇ ಮಾರಿಯಾಗಿತ್ತು. ಇನ್ನೊಂದು ಕುಮಟೆಯ ಸಂತೆಯಿಂದ ತಂದ ಬ್ಯಾಡಗಿ ಮೆಣಸು. ಎರಡೂ ಮಸಿ ಹಿಡಿದು ಒಂದೇ ಬಣ್ಣವಾಗಿದ್ದವು. ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ, ಮರಿಯಮ್ಮನಿಗೆ ಹೂವು, ಹೊಸ ಭತ್ತದ ತೆನೆ. ಬಾಯಿಯ ಮನೆಗೆ ಪಾದ್ರಿಗಳು ಊಟಕ್ಕೆ ಬರುವವರಿದ್ದರು. ಮಸಾಲೆಗೆ ಮೆಣಸು ಹುರಿದು ಕುಟ್ಟಿಕೊಡು ಎಂದಳು. ನಾನು ಕೈಗೆ ಸಿಕ್ಕ ಗಂಟು ಬಿಚ್ಚಿ ಹುರಿದೆ. ಹೊಗೆಗೆ ಕಣ್ಣುಮುಚ್ಚಿ ಕುಟ್ಟಿದವಳು ಮೆಣಸಿನ ಮುಖ ನೋಡಲೇ ಇಲ್ಲ. ಕೆಸುವಿನ ದಂಟಿನ ಪದಾರ್ಥ ತಿಂದು ಪಾದ್ರಿಗಳು ನಾಲ್ಕು ಚೊಂಬು ನೀರು ಕುಡಿದರಂತೆ, ಆದರೂ ಮತ್ತೆ ಬಡಿಸಿಕೊಂಡರಂತೆ. ನಾವು ನಕ್ಕೆವು.

ಚೌತಿ ಕಳೆದು ಮಳೆ ಸಣ್ಣದಾಯಿತು. ಸಸಿಮಡಿ ಮಾಡಿ, ಬೂದಿ ಕಲಸಿಟ್ಟು, ಬೀಜ ತೆಗೆಯಲು ಗಂಟು ಬಿಚ್ಚಿದೆ. ಒಳಗಿಂದ ಉದ್ದುದ್ದ ಬ್ಯಾಡಗಿ ಮೆಣಸು ಬಿತ್ತು. ಹಬ್ಬಕ್ಕೆ ಕುಟ್ಟಿದ್ದು ಬೀಜದ ಮೆಣಸು.

ಅವತ್ತು ಹೇಳಲಿಲ್ಲ. ಮರುದಿನ ಹೋಗಿ ಹೇಳಿದೆ.

"ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲ್ತೆಯಲ್ಲೇ ನಾಗು," ಎಂದಳು ಬಾಯಿ. "ಗಂಟಿನ ಮೇಲೆ ಎರಡಕ್ಷರ ಬರೆಯೂಕೆ ಎಂತ ಆಗಿತ್ತು?"

ಅವಳು ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ, ಎದ್ದು ಒಳಗೆ ಹೋದಳು. ನಾಲ್ಕು ದಿನ ಗದ್ದೆಯ ಕಡೆಗೂ ಬರಲಿಲ್ಲ.

ಐದನೆಯ ದಿನ ಖಾಲಿ ಸಸಿಮಡಿಯ ಕಳೆ ಕೀಳುತ್ತಾ ಕೂತಾಗ ಇಗರ್ಜಿಯ ಗಂಟೆ ಹೊಡೆಯಿತು. ಸಂತನ ಕೊರಳು ನೆನಪಾಯಿತು. ಕೆಸರುಗೈಯಲ್ಲೇ ಬಾಯಿಯ ಮನೆಗೆ ಓಡಿದೆ. ಅವಳು ಸುತರಾಂ ಒಪ್ಪಲಿಲ್ಲ.

"ಕೊಟ್ಟದ್ದನ್ನ ತಿರುಗಿ ಕೇಳೂದ? ನಮ್ಮತ್ತೆ ಕೇಳಿದ್ರೆ ಗೋರಿಯಿಂದ ಎದ್ದು ಬತ್ತಿದ್ರು."

ಬಂದರೆ ಬರಲಿ, ಅವರ ಬೀಜವನ್ನೇ ಅಲ್ಲವೇ ಉಳಿಸುವುದು ಎಂದೆ. ತಪ್ಪು ನನ್ನದು, ಕೇಳುವವಳೂ ನಾನೇ, ನೀನು ಇಗರ್ಜಿಯ ಬಾಗಿಲಲ್ಲಿ ನಿಂತರೆ ಸಾಕು ಎಂದೆ. ಬಂದಳು, ಆದರೆ ತಲೆಯ ಮೇಲೆ ಸೆರಗು ಹೊದ್ದು ಹೊರಗೇ ನಿಂತಳು.

ಪಾದ್ರಿಗಳು ಹೊನ್ನಾವರದ ಕಡೆಯವರು, ಸಣ್ಣ ಪ್ರಾಯ. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

"ಹಾಗಾದ್ರೆ ಮೊಂತಿ ಹಬ್ಬಕ್ಕೆ ನಾನು ಅಳುತ್ತಾ ಉಂಡದ್ದು ಬೀಜದ ಮೆಣಸನ್ನ?"

ಹೌದು ಎಂದೆ. ಅವರು ನಗು ತಡೆದುಕೊಂಡು ಸ್ಟೂಲು ತಂದರು, ತಾವೇ ಹತ್ತಿ ಸರ ಬಿಚ್ಚಿದರು. "ಅರ್ಧ ತಪ್ಪು ನನ್ನ ಹೊಟ್ಟೆಯಲ್ಲಿದೆ," ಎಂದರು. "ಮಾರ್ಚಿಗೆ ಎರಡು ಸರ ತಂದು ಹಾಕಿ."

ಸರ ಅರ್ಧಕ್ಕರ್ಧ ಬೂಸು ಹಿಡಿದಿತ್ತು. ಬಿಡಿಸಿ ಬಿಡಿಸಿ ಒಳ್ಳೆಯದಾಗಿ ಸಿಕ್ಕಿದ್ದು ಒಂದು ಹಿಡಿ ಬೀಜ. ಬಿತ್ತಿ, ಮೇಲೆ ತೆಂಗಿನ ಗರಿ ಮುಚ್ಚಿದೆ. ಎಂಟು ದಿನಕ್ಕೆ ಏನೂ ಕಾಣಲಿಲ್ಲ. ಹತ್ತು ದಿನಕ್ಕೂ ಇಲ್ಲ. ಬಾಯಿ ಬಂದು ಗರಿ ಎತ್ತಿ ನೋಡಿ ಹೋಗುತ್ತಿದ್ದಳು. ಇರುವೆ ಹೊತ್ತವೋ, ಬೀಜವೇ ಸತ್ತಿತ್ತೋ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಗರಿ ಎತ್ತಿದರೆ, ಮಣ್ಣನ್ನು ತಲೆಯ ಮೇಲೆ ಹೊತ್ತುಕೊಂಡೇ ಒಂದು ಮೊಳಕೆ ಬಗ್ಗಿ ನಿಂತಿತ್ತು. ಅದರ ಪಕ್ಕ ಇನ್ನೊಂದು. ಆಚೆ ಐದಾರು. ಬಾಯಿಯನ್ನು ಕೂಗಿದೆ. ಅವಳು ಮೊಣಕಾಲೂರಿ ನೋಡಿದಳು. ನಾನು ಎಣಿಸಲು ಹೊರಟರೆ ಕೈಗೆ ಹೊಡೆದಳು.

"ಎಣಿಸಬೇಡ್ವೇ, ದೃಷ್ಟಿ ತಾಗ್ತದೆ. ಬಂತಲ್ಲ, ಆತು."

ಅವತ್ತು ಅವಳ ಮನೆಯಲ್ಲಿ ಎರಡು ಸಲ ಚಾ ಕುಡಿದೆ.

ಈ ಮಾರ್ಚಿನಲ್ಲಿ ಸಂತನ ಕೊರಳಿಗೆ ಎರಡು ಸರ ಬಿತ್ತು. ಪಾದ್ರಿಗಳಿಗೆ ಮರೆತಿತ್ತು, ಬಾಯಿಯೇ ನೆನಪಿಸಿದಳು. ಹಬ್ಬದ ಊಟವಾದ ಮೇಲೆ ಬೀಜದ ಸರವನ್ನು ತನ್ನ ಹಳೆಯ ನೀಲಿ ಸೀರೆಯ ತುಂಡಿನಲ್ಲಿ ಕಟ್ಟುತ್ತಾ ಕೂತಳು. ಈ ಸಲ ಅದು ಅವಳ ಕಪಾಟಿಗೇ ಹೋಗುತ್ತದೆ ಎಂದುಕೊಂಡಿದ್ದೆ. ಕೇಳುವ ಧೈರ್ಯವೂ ಇರಲಿಲ್ಲ. ಅವಳು ಗಂಟು ಬಿಗಿದು ನನ್ನ ಮಡಿಲಿಗೆ ಹಾಕಿದಳು.

"ಬ್ಯಾಡಗಿಯನ್ನ ಡಬ್ಬಿಯಲ್ಲಿಡು," ಎಂದಳು. "ಒಲೆಯ ಮೇಲೆ ಇದೊಂದೇ ಇರಲಿ."