ಹನ್ನೆರಡು ಪೀಪಾಯಿ

"ಅತ್ತಿಗೆ, ಒಂದೇ ಒಂದ್ಸಲ ಮೂಸಿ ನೋಡಿ," ಎನ್ನುತ್ತ ಶಹಾತಾ ಪೀಪಾಯಿಯ ಮುಚ್ಚಳ ಹಿಡಿದು ನಿಂತಿದ್ದ.

ತಫೀದಾ ಮೀನಂಗಡಿಯ ಹೊಸ್ತಿಲು ದಾಟಲಿಲ್ಲ. ನಾಲ್ಕು ವರ್ಷದ ಹಿಂದೆ, ಗಂಡ ಹಸನೈನ್ ಸತ್ತ ನಲವತ್ತನೇ ದಿನ, ಇದೇ ಮೈದುನ ಗಿರಾಕಿಗಳ ಎದುರಿಗೇ ಅವಳ ಹಾಸಿಗೆ ಪಾತ್ರೆಗಳನ್ನು ಬೀದಿಗೆಸೆದು ಅಂಗಡಿ ತನ್ನದು ಮಾಡಿಕೊಂಡಿದ್ದ. ದಾರಿಯಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದವನಿಗೆ ಇವತ್ತು ಅತ್ತಿಗೆ ನೆನಪಾಗಿದ್ದಳು.

"ಅಂಗಡಿ ವಿಷಯಕ್ಕೆ ಮೂಗು ತೂರಿಸ್ಬೇಡ ಅಂದಿದ್ಯಲ್ಲೋ? ಈಗ ಆ ಮೂಗೇ ಬೇಕಾಯ್ತಾ?"

"ಬುದ್ಧಿ ಇರ್ಲಿಲ್ಲ, ಬಿಟ್ಬಿಡಿ. ನಾಡಿದ್ದು ಹಬ್ಬ. ಊರಿಗೂರೇ ಬಾಗಿಲಿಗೆ ಬರತ್ತೆ."

ವಸಂತದ ಆ ಹಬ್ಬದಲ್ಲಿ ಫಸೀಖ್ ಎಂಬ ಉಪ್ಪುಮೀನು ಇಲ್ಲದ ಮನೆಯಿಲ್ಲ. ಮೀನನ್ನು ಉಬ್ಬಲು ಬಿಟ್ಟು, ಉಪ್ಪಿನಲ್ಲಿ ಹೂತು, ತಿಂಗಳುಗಟ್ಟಲೆ ಕಾಯುವ ಕೆಲಸ. ಫರೋನ ಸಮಾಧಿಯ ಗೋಡೆಯ ಮೇಲೆ ಮೀನು ಸೀಳುತ್ತ ಕೂತವನು ತನ್ನ ಮುತ್ತಜ್ಜನೇ ಎಂದು ಹಸನೈನ್ ಜಂಬ ಕೊಚ್ಚುತ್ತಿದ್ದ. ಆದರೆ ತಫೀದಾ ಮೂಸಿ ಹೂಂ ಎನ್ನದೆ ಒಂದು ಮೀನನ್ನೂ ಮಾರುತ್ತಿರಲಿಲ್ಲ. ಹದ ತಪ್ಪಿದ ಫಸೀಖ್ ವಿಷ. ಹೋದ ವರ್ಷ ಪಕ್ಕದ ಹಳ್ಳಿಯಲ್ಲಿ ಮೂವರು ಸತ್ತಿದ್ದರು. ಅವಳ ಮೂಗು ಸುಳ್ಳಾಗದೆಂದು ಊರು ನಂಬಿತ್ತು.

ಶಹಾತಾ ಇಷ್ಟು ವರ್ಷ ಹೊರಗಿನ ಮೀನು ತಂದು ಮಾರಿದ್ದ. ಈ ಸಲ ಮಾತ್ರ ಅಣ್ಣನನ್ನು ಮೀರಿಸುವ ಹುಕಿಯಲ್ಲಿ ಹನ್ನೆರಡು ಪೀಪಾಯಿ ತಾನೇ ಹಾಕಿದ್ದ. ನಡುವೆ ಮರಳುಗಾಡಿನ ಬಿಸಿಗಾಳಿ ಬೀಸಿತ್ತು. ಆ ಬಿಸಿಗೆ ಮೀನು ಕೆಟ್ಟಿತೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ.

ತಫೀದಾ ಒಳಗೆ ಬಂದಳು. ಕೆಟ್ಟಿರಲಿ ದೇವರೇ ಎಂದುಕೊಳ್ಳುತ್ತಲೇ ಬಗ್ಗಿ, ಒಂದು ಮೀನಿನ ಕಿವಿರು ಎತ್ತಿ ಮೂಸಿದಳು.

ಕೆಟ್ಟಿರಲಿಲ್ಲ. ಹಸನೈನ್ ಕೈಗೂ ಇಂಥ ಹದ ಒಲಿದಿರಲಿಲ್ಲ. ಈ ನೀಚನ ಕೈಗೆ ಒಲಿದಿತ್ತು.

ಅವಸರ ಮಾಡಲಿಲ್ಲ. ಹನ್ನೆರಡನ್ನೂ ತೆರೆಸಿದಳು. ಪ್ರತಿಯೊಂದಕ್ಕೂ ಮುಖ ಕಿವಿಚಿದಳು. ಕೊನೆಗೆ ತಲೆವಸ್ತ್ರದ ಅಂಚಿನಿಂದ ಮೂಗು ಮುಚ್ಚಿಕೊಂಡು, "ಹೂತ್ಬಿಡು," ಎಂದಳು.

"ಎಲ್ಲಾನಾ?"

"ಊರಿನ ಹೆಣ ಹೊರೋ ಆಸೆ ಇದ್ರೆ ಮಾರು. ನನಗೇನು?"

ಶಹಾತಾ ಗೋಡೆಗೊರಗಿ ಹೆಂಗಸರಂತೆ ಅತ್ತ. ಕಣ್ತುಂಬ ನೋಡಿದಳು ತಫೀದಾ. ನಾಲ್ಕು ವರ್ಷ ಇದಕ್ಕಾಗಿಯೇ ಬದುಕಿದ್ದಳು. ಅವನು ಕಾಲುವೆಯ ಪಕ್ಕ ತಾನೇ ಗುಂಡಿ ತೋಡಿದ. ಹನ್ನೆರಡೂ ಪೀಪಾಯಿ ಸುರಿದು ಮಣ್ಣು ಮುಚ್ಚುವ ತನಕ ಅವಳು ಕದಲಲಿಲ್ಲ. ಹೊರಟಾಗ ಅವನು ಓಡಿಬಂದು ಅವಳ ಕೈಗೆ ಮುತ್ತಿಟ್ಟ.

"ನನ್ನ ಮಾನ ಉಳಿಸಿದ್ರಿ ಅತ್ತಿಗೆ."

ಹಬ್ಬದ ಬೆಳಿಗ್ಗೆ ಊರೆಲ್ಲ ಕಾಲುವೆಯ ದಂಡೆಯಲ್ಲಿ ಚಾಪೆ ಹಾಸಿತ್ತು. ಬಣ್ಣದ ಮೊಟ್ಟೆ, ಹಸಿರು ಈರುಳ್ಳಿ, ಪರವೂರಿನಿಂದ ತರಿಸಿದ ಮೀನು. ಶಹಾತಾ ಮಾತ್ರ ದೂರದಲ್ಲಿ ಗುಂಡಿಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ಹಿಂದಿನ ದಿನವೇ ಒಂದು ಹಳದಿ ಬೆಕ್ಕು ಮಣ್ಣು ಕೆದಕಿ ಮೀನು ತಿಂದಿತ್ತು. ಅದು ಯಾವಾಗ ಸಾಯುತ್ತದೆಂದು ಅವನು ನಿನ್ನೆಯಿಂದ ಕಾಯುತ್ತಿದ್ದ.

ತಫೀದಾ ಅವನ ಮುಂದೆಯೇ ಹಾದುಹೋಗುತ್ತ ನಿಂತು ಹಬ್ಬದ ಹಾರೈಕೆ ಹೇಳಿದಳು.

"ವರ್ಷ ವರ್ಷವೂ ಚೆನ್ನಾಗಿರಪ್ಪ, ಶಹಾತಾ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಬೆಕ್ಕನ್ನು ನೋಡಿದ. ಅವನ ಕಾಲ ಬುಡದಲ್ಲಿ ಬೆಕ್ಕು ಇನ್ನೊಂದು ಮೀನನ್ನು ಮಣ್ಣಿನಿಂದ ಎಳೆದು ತನ್ನ ಮರಿಗಳ ಮುಂದೆ ಇಡುತ್ತಿತ್ತು.