ನೀಲಿ ಅಂಚಿನ ಚಾಪೆ

ಲೂಪೆ ಏಣಿಯ ಮೇಲೆ ನಿಂತು ಮಾಡಿನ ತೊಲೆಗಳ ಸಂದಿಯಿಂದ ಚಾಪೆಯ ಸುರುಳಿಗಳನ್ನು ಒಂದೊಂದಾಗಿ ಎಳೆದು ಕೆಳಗೆ ಬಿಡುತ್ತಿದ್ದಳು. ಕೇದಗೆ ಗರಿಯ ಧೂಳು ಕಣ್ಣಿಗೆ ಬಿತ್ತು. ನೀಲಿ ಉಲ್ಲನ್ ಅಂಚಿನ ಚಾಪೆ ಮಾತ್ರ ಸಿಗಲಿಲ್ಲ.

"ಇಳಿಯೇ ಕೆಳಗೆ!" ಪಕ್ಕದ ಮನೆಯ ಮಟಲೇನಾ ಕೂಗಿದಳು. "ಒಂದೇ ದಿನ ಎರಡು ಹೆಣ ಹೊರೋಕೆ ಈ ಊರಲ್ಲಿ ಗಂಡಸರು ಸಾಲಲ್ಲ."

"ಸೆಫೊನ ಚಾಪೆ ಕಾಣ್ತಿಲ್ಲ ಕಣೆ. ಅಕ್ಕನ ಗುಂಡಿಗೆ ಮಗನ ಚಾಪೆನೇ ಹಾಸಬೇಕು."

ನಡುಮನೆಯಲ್ಲಿ ಅಕ್ಕ ಪೆನಿನಾ ಚಾಪೆಗಳ ಮೇಲೆ, ಮರದ ತೊಗಟೆ ಬಡಿದು ಮಾಡಿದ ಹೊಸ ಬಟ್ಟೆ ಹೊದ್ದು ಮಲಗಿದ್ದಳು. ಅಂಗಳದಲ್ಲಿ ಗುಂಡಿ ತೋಡುವವರ ಹಾರೆ ಕರಿಕಲ್ಲಿಗೆ ತಾಗಿ ಠಣ್ಣೆನ್ನುತ್ತಿತ್ತು.

ಪಾದ್ರಿ ಬಂದು ಲೂಪೆಯ ತಲೆ ಮುಟ್ಟಿದರು. "ದೇವರ ಚಿತ್ತಕ್ಕೆ ತಲೆಬಾಗಿದ ಜೀವ. ಇವತ್ತು ಮಣ್ಣು ಮಾಡೋವಾಗ ಅದನ್ನೇ ಹೇಳ್ತೀನಮ್ಮ."

"ಹೂಂ, ಅಯ್ಯನೋರೇ," ಎಂದಳು ಲೂಪೆ. ಅಕ್ಕ ತಲೆಬಾಗಿದ್ದಳೋ ಇಲ್ಲವೋ? ನಿನ್ನೆ ಅವಳ ಉಸಿರು ನಿಂತಾಗ ತಾನು ಕಡಲಂಚಿನಲ್ಲಿ ಚಿಪ್ಪು ಹೆಕ್ಕುತ್ತಿದ್ದಳು. ಹೇಳುವವರಾದರೂ ಯಾರು?

*

ಪೆನಿನಾಳ ಒಬ್ಬನೇ ಮಗ ಸೆಫೊ ದೋಣಿ ಹತ್ತಿ ಹವಳದ ದಂಡೆ ದಾಟಿದವನು ಮತ್ತೆ ಬರಲಿಲ್ಲ. ಸಾಮೋವಾದ ಕಡಲು ಅವನ ಹುಟ್ಟುಗೋಲನ್ನೂ ವಾಪಸು ಕೊಡಲಿಲ್ಲ.

ಆ ಊರಲ್ಲಿ ದಿನಾ ಮುಸ್ಸಂಜೆ ಶಂಖ ಊದುತ್ತಾರೆ. ದಾರಿಯಲ್ಲಿದ್ದವರು ಮನೆ ಸೇರಬೇಕು, ಮನೆಮನೆಯಲ್ಲೂ ಪ್ರಾರ್ಥನೆ ಏಳಬೇಕು. ಮನೆಗಳಿಗೋ ಗೋಡೆಯಿಲ್ಲ, ಬರೀ ಕಂಬಗಳು. ಒಬ್ಬರ ಆಮೆನ್ ಇನ್ನೊಬ್ಬರ ಅಂಗಳಕ್ಕೆ ಬಂದು ಬೀಳುತ್ತದೆ.

'ನಿನ್ನ ಚಿತ್ತದಂತೆಯೇ ಆಗಲಿ' ಎಂಬ ಮಾತು ಬಂದಾಗ ಪೆನಿನಾ ತುಟಿ ಹೊಲಿದುಕೊಂಡವಳಂತೆ ಕೂತುಬಿಡುತ್ತಿದ್ದಳು.

"ಅಂದುಬಿಡಕ್ಕ, ಒಂದೇ ಮಾತು."

"ಅಂದ್ರೆ ನಾನೇ ಅವನನ್ನ ಕಡಲಿಗೆ ತಳ್ಳಿದ ಹಾಗಾಗತ್ತೆ. ನೀ ಬೇಕಾದ್ರೆ ಅನ್ನು."

ಲೂಪೆ ಅಂದಳು. ಅಕ್ಕನ ಮೌನ ಆಚೆಮನೆಗೆ ಕೇಳಿಸದಿರಲೆಂದು ಆ ಒಂದು ಮಾತನ್ನು ಮಾತ್ರ ಇಬ್ಬರ ದನಿಯಷ್ಟು ಜೋರಾಗಿ ಅಂದಳು. ಪ್ರತಿ ಸಂಜೆಯೂ ಅಂದಳು. "ನಿನ್ನ ಭಕ್ತಿಗೆ ನಮ್ಮನೆ ಕೋಳಿ ಹೆದರಿ ಮೊಟ್ಟೆ ಇಡ್ತಿಲ್ಲ," ಎಂದು ಮಟಲೇನಾ ಛೇಡಿಸುತ್ತಿದ್ದಳು.

ಪ್ರಾರ್ಥನೆ ಮುಗಿದ ಮೇಲೆ ಅಕ್ಕ ಮಗನ ಚಾಪೆ ಬಿಡಿಸಿ ಹಾಸುವಳು. ಬೆಳಗಾದರೆ ಸುತ್ತಿಡುವಳು. ಪಾದ್ರಿಯ ಪುಟ್ಟ ಮಗಳು ಅದರ ಮೇಲೆ ಕೂತಳೆಂದು ಒಮ್ಮೆ ರೇಗಿ ಅಳಿಸಿದ್ದಳು. ತಾನು ಮಾತ್ರ ಪಕ್ಕದ ಬರಿನೆಲದಲ್ಲಿ ಮಲಗುತ್ತಿದ್ದಳು.

*

ಪೆನಿನಾಳನ್ನು ಪೆಟ್ಟಿಗೆಗೆ ಎತ್ತಿಟ್ಟು, ಹೆಂಗಸರು ಕೆಳಗಿನ ಚಾಪೆಗಳನ್ನು ಒಂದೊಂದಾಗಿ ತೆಗೆದರು. ಎಲ್ಲಕ್ಕಿಂತ ತಳದಲ್ಲಿ ನೀಲಿ ಅಂಚು ಇಣುಕಿತು.

"ಇದನ್ನ ಹಾಸಿದ್ಯಾರು?" ಲೂಪೆ ಕೇಳಿದಳು.

"ಯಾರೂ ಇಲ್ಲ ಕಣೆ," ಎಂದಳು ಮಟಲೇನಾ. "ನಿನ್ನೆ ನಾ ಬಂದಾಗ ಅದರ ಮೇಲೇ ಮಲಗಿದ್ಳು. ಹಗಲು ಹೊತ್ತಲ್ಲಿ, ತಾನೇ ಹಾಸ್ಕೊಂಡು. ಕೂಸು ಮಲಗಿದ ಹಾಗಿತ್ತು. ಅದನ್ನ ಎಳೆಯೋಕೆ ಮನಸ್ಸು ಬರಲಿಲ್ಲ, ಅದರ ಮೇಲೇ ಬೇರೇವು ಹಾಸಿದ್ವಿ."

ಲೂಪೆ ಮಂಡಿಯೂರಿ ಚಾಪೆಯನ್ನು ಸವರಿದಳು. ಯಾರಿಗೂ ಬಿಟ್ಟುಕೊಡದ ಜಾಗವನ್ನು ಅಕ್ಕ ಕಡೆಗೆ ತಾನೇ ತುಂಬಿದ್ದಳು. ಇನ್ನು ಸೆಫೊ ಬಂದು ಮಲಗುತ್ತಾನೆಂದು ಕಾಯಬೇಕಾಗಿಲ್ಲ.

"ಅಯ್ಯನೋರೇ," ಎಂದಳು ಲೂಪೆ, "ತಲೆಬಾಗಿದ ಜೀವ ಅಂದ್ರಲ್ಲ, ಅದನ್ನೇ ಹೇಳಿ. ಹೇಳಬಹುದು."

ಚಾಪೆ ಗುಂಡಿಯ ತಳ ಸೇರಿತು. ಅದರ ಮೇಲೆ ಪೆಟ್ಟಿಗೆ, ಮೇಲೆ ಮಣ್ಣು. ಉಂಡವರು ಎಲೆ ಎತ್ತಿ, ಮೂಗೊರೆಸಿಕೊಂಡು, ಅವರವರ ಮನೆಗೆ ಹೋದರು.

ಶಂಖ ಮೊಳಗಿತು.

ಲೂಪೆ ಒಬ್ಬಳೇ ಕಂಬಕ್ಕೊರಗಿ ಕೂತು ಪ್ರಾರ್ಥನೆ ಶುರುಮಾಡಿದಳು. ಚಾಪೆ ಹಾಸುತ್ತಿದ್ದಷ್ಟು ನೆಲ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಆ ಮಾತು ಹತ್ತಿರ ಬಂತು. ಅಭ್ಯಾಸದಂತೆ ಎದೆತುಂಬ ಉಸಿರೆಳೆದುಕೊಂಡಳು. ಅಂಗಳದ ಹಸಿಮಣ್ಣು ಕಣ್ಣಿಗೆ ಬಿತ್ತು. ಬಾಯಿ ತೆರೆದೇ ಇತ್ತು, ದನಿ ಹೊರಡಲಿಲ್ಲ.

ಆಚೆಮನೆಯಿಂದ, ಆ ಒಂದು ಮಾತಿಗೆ ಮಾತ್ರ, ಮಟಲೇನಾಳ ಒಡಕು ದನಿ ಇಬ್ಬರ ದನಿಯಷ್ಟು ಜೋರಾಗಿ ಎದ್ದಿತು.